ಕನ್ನಡಿಗಳ ನಡುವಣ ಶೀತಪರಮಾಣುಗಳು: ಒಂದು ವಿಚಾರದ ವಂಶಾವಳಿ

೧

ಯಾವುದೊಂದು ವಿಚಾರದ ಚರಿತ್ರೆಯನ್ನು ಬರೆಯಹೊರಟವನಿಗೆ ಎರಡು ಅಪಾಯಗಳುಂಟು. ಇದ್ದ ಮೂಲವನ್ನು ಮರೆಯುವುದು ಒಂದು. ಇಲ್ಲದ ಮೂಲವನ್ನು ಕಲ್ಪಿಸುವುದು ಇನ್ನೊಂದು. ಸಾಹಿತ್ಯಚರಿತ್ರೆಯಲ್ಲಿ ಈ ಎರಡು ತಪ್ಪುಗಳೂ ನಡೆದಿರುವುದನ್ನು ನಮ್ಮ ವಿದ್ವಾಂಸರು ಚೆನ್ನಾಗಿ ಬಲ್ಲರು. ‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ಕ್ಕೆ ಋಣಿಯೆಂಬುದು ಎರಡು ಗ್ರಂಥಗಳನ್ನೂ ಎದುರೆದುರಿಗೆ ಇಟ್ಟು ಓದಿದರೆ ಸ್ಥಿರಪಡುವ ಮಾತು. ಆದರೆ ದೂರದೇಶಗಳ ಇಬ್ಬರು ಕವಿಗಳಲ್ಲಿ ಒಂದೇ ಉಪಮೆ ಕಂಡಮಾತ್ರಕ್ಕೆ ಒಬ್ಬನು ಇನ್ನೊಬ್ಬನಿಂದ ಪಡೆದನೆಂದು ಹೇಳಲಾಗದು. ಸಾದೃಶ್ಯ ಬೇರೆ, ಪ್ರಭಾವ ಬೇರೆ. ಈ ವಿವೇಕವು ವಿಜ್ಞಾನದ ಚರಿತ್ರೆಗೂ ಅಷ್ಟೇ ಅಗತ್ಯವೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಯು ಇತ್ತೀಚಿನದು. ೨೦೨೨ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿದ್ಯಾಪೀಠದ ಭೌತವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಎದುರುಬದುರಾದ ಎರಡು ಕನ್ನಡಿಗಳ ನಡುವೆ ಅತ್ಯಂತ ಶೀತಲವಾದ ಪರಮಾಣುಗಳ ಒಂದು ಸಣ್ಣ ಮೋಡವನ್ನಿಟ್ಟು, ಪಕ್ಕದಿಂದ ಬದಲಾಗದ ಲೇಸರ್ ಬೆಳಕನ್ನು ಹಾಯಿಸಿದಾಗ, ಪರಮಾಣುಗಳು ತಾವಾಗಿ ಒಂದು ದಿಕ್ಕಿಗೆ ಸಾಗತೊಡಗಿದುವು. ಅವುಗಳನ್ನು ಆವರ್ತವಾಗಿ ದೂಡುವ ಯಾವ ಬಾಹ್ಯಸಾಧನವೂ ಅಲ್ಲಿರಲಿಲ್ಲ. ಸಾಗಿಸಿದ ಆವರ್ತವು ಕನ್ನಡಿಗಳ ನಡುವಣ ಬೆಳಕಿನಲ್ಲಿಯೇ ಹುಟ್ಟಿತ್ತು; ಆ ಬೆಳಕನ್ನು ಅಲ್ಲಿಗೆ ತಂದವು ಪರಮಾಣುಗಳೇ. ಈ ಚಲನೆಯನ್ನು ವಿವರಿಸುವುದಕ್ಕೆ ಪ್ರಯೋಗಕಾರರು ‘ಟೊಪಾಲಜಿ’ ಎಂಬ ಗಣಿತಶಾಸ್ತ್ರದ ಭಾಷೆಯನ್ನು ಬಳಸಿದರು.

ಈ ಕ್ಷೇತ್ರದ ಮೂಲಪುರುಷರು ಯಾರು? ಪಾಶ್ಚಾತ್ಯ ಗ್ರಂಥಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರದಲ್ಲಿ ಬೆಂಗಳೂರಿನ ಹೆಸರಿಲ್ಲ. ಇದಕ್ಕೆ ಪ್ರತಿಯಾಗಿ, ೧೯೫೬ರಲ್ಲಿ ಬೆಂಗಳೂರಿನ ಒಬ್ಬ ತರುಣನು ಬರೆದುದೇ ಇದಕ್ಕೆಲ್ಲ ಬೀಜವೆಂದು ಅಭಿಮಾನದಿಂದ ಹೇಳುವುದು ಸುಲಭ. ಈ ಎರಡು ಪಕ್ಷಗಳನ್ನೂ ಆಧಾರದ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ.

೨

ಮೊದಲು ಶೈತ್ಯದ ಕಥೆ. ಇದರಲ್ಲಿ ವಿವಾದವಿಲ್ಲದ ಕಾರಣ ಸಂಕ್ಷೇಪವಾಗಿ ಹೇಳಿದರೆ ಸಾಕು.

೧೯೨೪ರ ಜೂನ್ ತಿಂಗಳಲ್ಲಿ ಢಾಕಾ ವಿಶ್ವವಿದ್ಯಾನಿಲಯದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಎಣಿಸುವ ಹೊಸ ಕ್ರಮವೊಂದನ್ನು ವಿವರಿಸುವ ಲೇಖನವನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ಒಂದೇ ಬಗೆಯ ಎರಡು ಬೆಳಕಿನ ಕಣಗಳನ್ನು ‘ಇದು ಮೊದಲನೆಯದು, ಇದು ಎರಡನೆಯದು’ ಎಂದು ಗುರುತಿಸಲಾಗದು. ಆದುದರಿಂದ ಅವುಗಳನ್ನು ಅದಲುಬದಲು ಮಾಡಿದರೆ ಹೊಸ ಏರ್ಪಾಡು ಆಗುವುದಿಲ್ಲ. ಬೋಸರ ಎಣಿಕೆಯ ತಿರುಳು ಇಷ್ಟೆ. ಐನ್‌ಸ್ಟೈನರು ಲೇಖನವನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು. ಅದೇ ಎಣಿಕೆಯನ್ನು ಪರಮಾಣುಗಳಿಗೂ ಅನ್ವಯಿಸಿ, ಸಾಕಷ್ಟು ಶೀತಲವಾದ ಅನಿಲದಲ್ಲಿ ಬಹುಪಾಲು ಪರಮಾಣುಗಳು ಒಂದೇ ಕನಿಷ್ಠಸ್ಥಿತಿಗೆ ಇಳಿದು ಒಂದೇ ಅಲೆಯಂತೆ ವರ್ತಿಸಬೇಕೆಂದು ೧೯೨೫ರ ವೇಳೆಗೆ ತೋರಿಸಿದರು.

ಕಾಗದದ ಮೇಲಿನ ಈ ಮಾತು ಕಣ್ಣಿಗೆ ಬೀಳಲು ೭೦ ವರ್ಷ ಹಿಡಿಯಿತು. ಲೇಸರ್ ಬೆಳಕಿನಿಂದ ಪರಮಾಣುಗಳ ಓಟವನ್ನು ತಡೆದು ತಂಪುಮಾಡುವ ಉಪಾಯವನ್ನು ೧೯೭೫ರಲ್ಲಿ ಸೂಚಿಸಿದರು. ೧೯೮೫ರಲ್ಲಿ ಸ್ಟೀವನ್ ಚೂ ಮತ್ತು ಅವರ ಸಂಗಡಿಗರು ಆರು ಲೇಸರ್ ಕಿರಣಗಳ ನಡುವೆ ಪರಮಾಣುಗಳನ್ನು ನಿಧಾನಗೊಳಿಸಿ ತೋರಿಸಿದರು. ಕೊನೆಗೆ ೧೯೯೫ರ ಜೂನ್ ೫ರಂದು ಅಮೆರಿಕದ ಬೋಲ್ಡರ್ ನಗರದಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಅವರ ತಂಡವು ಸುಮಾರು ೨೦೦೦ ರುಬಿಡಿಯಂ ಪರಮಾಣುಗಳನ್ನು ಆ ಸ್ಥಿತಿಗೆ ತಂದಿತು. ಆಗಿನ ಉಷ್ಣತೆಯು ನಿರಪೇಕ್ಷ ಶೂನ್ಯಕ್ಕಿಂತ ೧೭೦ ನ್ಯಾನೋಕೆಲ್ವಿನ್ ಮಾತ್ರ ಮೇಲೆ. ಎಂದರೆ ಒಂದು ಡಿಗ್ರಿಯನ್ನು ನೂರು ಕೋಟಿ ಪಾಲುಮಾಡಿದರೆ ಅದರಲ್ಲಿ ೧೭೦ ಪಾಲು. ಅದೇ ವರ್ಷ ವೋಲ್ಫ್‌ಗ್ಯಾಂಗ್ ಕೆಟರ್ಲೆಯವರು ಸೋಡಿಯಂ ಪರಮಾಣುಗಳಿಂದ ಇದನ್ನೇ ಸಾಧಿಸಿದರು. ಮೂವರಿಗೂ ೨೦೦೧ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಇಲ್ಲಿ ಢಾಕಾದಿಂದ ಬೋಲ್ಡರಿನವರೆಗೆ ಋಣದ ಸರಪಳಿಯ ಒಂದು ಕೊಂಡಿಯೂ ಕಡಿದಿಲ್ಲ. ಐನ್‌ಸ್ಟೈನರು ಬೋಸರ ಹೆಸರನ್ನು ಹೇಳಿಯೇ ಮುಂದುವರಿದರು. ಇಂದಿಗೂ ಆ ಸ್ಥಿತಿಯನ್ನು ‘ಬೋಸ್-ಐನ್‌ಸ್ಟೈನ್ ಸಾಂದ್ರಣ’ವೆಂದೇ ಕರೆಯುತ್ತಾರೆ. ಪ್ರಭಾವವೆಂಬುದು ಸಿದ್ಧವಾಗಿರುವ ಪ್ರಸಂಗ ಇದು. ಮುಂದಿನ ಪ್ರಸಂಗ ಹಾಗಲ್ಲ.

೩

ಶಿವರಾಮಕೃಷ್ಣನ್ ಪಂಚರತ್ನಂ ಅವರು ೧೯೩೪ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದರು. ಸರ್ ಸಿ. ವಿ. ರಾಮನ್ ಅವರಿಗೆ ಸೋದರಿಯ ಕಡೆಯಿಂದ ಬಂಧುಗಳು. ಬೆಂಗಳೂರಿನ ರಾಮನ್ ಸಂಶೋಧನಾಲಯದಲ್ಲಿ ಹರಳುಗಳ ಮೂಲಕ ಹಾಯುವ ಬೆಳಕನ್ನು ಅಭ್ಯಾಸಮಾಡುತ್ತಿದ್ದರು. ೧೯೫೬ರಲ್ಲಿ, ತಮ್ಮ ೨೨ನೆಯ ವಯಸ್ಸಿನಲ್ಲಿ, ವ್ಯತಿಕರಣವನ್ನು ಕುರಿತ ಲೇಖನವೊಂದನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಕಾಡೆಮಿಯೂ ಅದರ ಪತ್ರಿಕೆಯೂ ಬೆಂಗಳೂರಿನವೇ.

ಲೇಖನದ ವಿಷಯವನ್ನು ತಿಳಿಯಬೇಕಾದರೆ ಎರಡು ಪದಗಳ ಅರ್ಥ ಬೇಕು. ಅಲೆಯು ತನ್ನ ಏರಿಳಿತದಲ್ಲಿ ಯಾವ ಘಟ್ಟದಲ್ಲಿದೆ ಎಂಬುದಕ್ಕೆ ‘ಪ್ರಾವಸ್ಥೆ’ ಎಂದು ಹೆಸರು. ಎರಡು ಅಲೆಗಳ ಏರು ಏರಿಗೆ, ಇಳಿತ ಇಳಿತಕ್ಕೆ ಹೊಂದಿದರೆ ಅವು ಸಮಪ್ರಾವಸ್ಥೆಯಲ್ಲಿವೆ. ಬೆಳಕಿನ ಅಲೆಯು ಯಾವ ದಿಕ್ಕಿನಲ್ಲಿ, ಯಾವ ರೀತಿ ಕಂಪಿಸುತ್ತದೆ ಎಂಬುದು ಅದರ ‘ಧ್ರುವೀಕರಣ’. ಕಂಪನವು ಒಂದು ಗೆರೆಯಲ್ಲಿರಬಹುದು, ವೃತ್ತದಲ್ಲಿರಬಹುದು, ದೀರ್ಘವೃತ್ತದಲ್ಲಿಯೂ ಇರಬಹುದು. ಈ ಎಲ್ಲ ಬಗೆಗಳನ್ನೂ ಒಂದು ಗೋಳದ ಮೈಮೇಲಿನ ಬಿಂದುಗಳಾಗಿ ಗುರುತಿಸಬಹುದೆಂದು ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ ತೋರಿಸಿದ್ದರು.

ಒಂದೇ ಬಗೆಯಲ್ಲಿ ಕಂಪಿಸುವ ಎರಡು ಕಿರಣಗಳ ಪ್ರಾವಸ್ಥೆಯನ್ನು ಹೋಲಿಸುವುದು ಸುಲಭ. ಬೇರೆಬೇರೆ ಬಗೆಯಲ್ಲಿ ಕಂಪಿಸುವ ಕಿರಣಗಳನ್ನು ಹೋಲಿಸುವುದೆಂತು? ಎರಡನ್ನೂ ಕೂಡಿಸಿದಾಗ ಬೆಳಕು ಅತ್ಯಧಿಕವಾದರೆ ಅವು ಸಮಪ್ರಾವಸ್ಥೆಯಲ್ಲಿವೆಯೆಂದು ಇಟ್ಟುಕೊಳ್ಳೋಣ ಎಂಬುದು ಪಂಚರತ್ನಂ ಅವರ ನಿಯಮ. ನಿಯಮವು ಸರಳವಾಗಿದೆ, ಆದರೆ ಅದರಿಂದ ಹೊರಟ ಫಲ ಆಶ್ಚರ್ಯಕರವಾಗಿದೆ. ಮೊದಲನೆಯ ಕಿರಣವು ಎರಡನೆಯದರೊಡನೆ ಹೊಂದಿರಲಿ. ಎರಡನೆಯದು ಮೂರನೆಯದರೊಡನೆ ಹೊಂದಿರಲಿ. ಆಗ ಮೂರನೆಯದು ಮೊದಲನೆಯದರೊಡನೆ ಹೊಂದಲೇಬೇಕೆಂದು ಯಾರಿಗಾದರೂ ತೋರುತ್ತದೆ. ಹಾಗೆ ಆಗುವುದಿಲ್ಲ. ಪ್ವಾಂಕಾರೆಯ ಗೋಳದ ಮೇಲೆ ಆ ಮೂರು ಬಿಂದುಗಳನ್ನು ಸೇರಿಸಿ ತ್ರಿಕೋಣವನ್ನೆಳೆದರೆ, ಆ ತ್ರಿಕೋಣವು ಗೋಳದ ನಡುವಿನಲ್ಲಿ ಮಾಡುವ ಘನಕೋನದ ಅರ್ಧದಷ್ಟು ವ್ಯತ್ಯಾಸ ಉಳಿಯುತ್ತದೆ. ಸುತ್ತಿ ಹೊರಟಲ್ಲಿಗೇ ಬಂದರೂ ಸುತ್ತಿದ ಗುರುತು ಅಳಿಯದು. ಗುರುತಿನ ಪ್ರಮಾಣವು ಸುತ್ತಿದ ವೇಗದಿಂದಲ್ಲ, ಸುತ್ತು ಒಳಗೊಂಡ ಕ್ಷೇತ್ರದಿಂದಲೇ ನಿಶ್ಚಿತವಾಗುತ್ತದೆ.

ಪಂಚರತ್ನಂ ಅವರು ಮುಂದೆ ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು, ೧೯೬೪ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಅಲ್ಲಿ ಅವರು ಕೈಗೊಂಡ ವಿಷಯಗಳಲ್ಲೊಂದು, ಬೆಳಕು ಬಿದ್ದ ಪರಮಾಣುವಿನ ಶಕ್ತಿಮಟ್ಟಗಳು ಸ್ವಲ್ಪ ಸರಿಯುವ ವಿದ್ಯಮಾನ. ಈ ಸರಿತವನ್ನು ೧೯೬೧ರಲ್ಲಿ ಪ್ಯಾರಿಸಿನಲ್ಲಿ ಕ್ಲೋದ್ ಕೊಹೆನ್-ತನೂಜಿಯವರು ಪ್ರಯೋಗದಿಂದ ಕಂಡಿದ್ದರು. ಪಂಚರತ್ನಂ ಅವರು ೧೯೬೯ರಲ್ಲಿ ಆಕ್ಸ್‌ಫರ್ಡಿನಲ್ಲಿಯೇ, ೩೫ ವರ್ಷ ತುಂಬುವ ಹೊತ್ತಿಗೆ ತೀರಿಕೊಂಡರು. ಅವರ ಸಮಗ್ರ ಲೇಖನಗಳನ್ನು ೧೯೭೫ರಲ್ಲಿ ಆಕ್ಸ್‌ಫರ್ಡಿನ ಮುದ್ರಣಾಲಯವು ಹೊರತಂದಿತು.

೪

ಈಗ ಬೇರೊಂದು ದಾರಿ. ೧೯೮೦ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಕ್ಲಾವುಸ್ ಫಾನ್ ಕ್ಲಿಟ್ಸಿಂಗ್ ಅವರು ಸಿಲಿಕಾನ್ ಸಲಕರಣೆಯೊಂದನ್ನು ಬಹಳ ತಣ್ಣಗೆ ಮಾಡಿ, ಪ್ರಬಲವಾದ ಕಾಂತಕ್ಷೇತ್ರದಲ್ಲಿಟ್ಟು, ಹಾಯುವ ವಿದ್ಯುತ್ತಿಗೆ ಅಡ್ಡಲಾಗಿ ಹುಟ್ಟುವ ರೋಧವನ್ನು ಅಳೆದರು. ರೋಧವು ಸಮನಾಗಿ ಏರದೆ ಮೆಟ್ಟಿಲುಮೆಟ್ಟಿಲಾಗಿ ಏರಿತು. ಒಂದೊಂದು ಮೆಟ್ಟಿಲಿನ ಬೆಲೆಯೂ ೨೫,೮೧೨.೮ ಓಮ್‌ಗಳನ್ನು ಒಂದು ಪೂರ್ಣಾಂಕದಿಂದ ಭಾಗಿಸಿದಷ್ಟು. ಸಲಕರಣೆಯ ಆಕಾರ ಬೇರೆಯಾಗಲಿ, ಅದರಲ್ಲಿ ಕಲ್ಮಷವಿರಲಿ, ಸಂಖ್ಯೆ ಬದಲಾಗಲಿಲ್ಲ. ಪ್ರಕೃತಿಯಲ್ಲಿ ಇಷ್ಟು ಕೊಳೆಯ ನಡುವೆ ಇಷ್ಟು ಶುದ್ಧವಾದ ಅಂಕಿ ಬಂದುದು ಹೇಗೆ?

೧೯೮೨ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಡೇವಿಡ್ ಥೌಲೆಸ್ ಮತ್ತು ಅವರೊಡನೆ ಕೊಹ್ಮೊಟೊ, ನೈಟಿಂಗೇಲ್, ಡೆನ್ ನೈಸ್ ಎಂಬ ಮೂವರು ಇದಕ್ಕೆ ಉತ್ತರಕೊಟ್ಟರು. ಆ ಪೂರ್ಣಾಂಕವು ಎಲೆಕ್ಟ್ರಾನುಗಳ ಅಲೆಗಳು ಒಟ್ಟಾರೆ ಹೇಗೆ ಸುತ್ತಿಕೊಂಡಿವೆ ಎಂಬುದರ ಎಣಿಕೆ. ಟೊಪಾಲಜಿಯೆಂದರೆ, ಎಳೆದರೂ ಬಾಗಿಸಿದರೂ ಕೆಡದೆ ಉಳಿಯುವ ಗುಣಗಳನ್ನು ವಿಚಾರಿಸುವ ಗಣಿತ. ಮೇಣದ ಬಳೆಯೊಂದನ್ನು ಎಷ್ಟು ಹಿಸುಕಿದರೂ, ಹರಿಯದಿರುವತನಕ ಅದರ ರಂಧ್ರ ಒಂದೇ. ರಂಧ್ರವು ಮುಕ್ಕಾಲು ಆಗದು, ಒಂದೂವರೆ ಆಗದು. ಥೌಲೆಸ್ ಮತ್ತು ಸಂಗಡಿಗರ ಪೂರ್ಣಾಂಕವೂ ಅಂಥದು. ಈ ಪೂರ್ಣಾಂಕದಿಂದ ಗುರುತಿಸಲ್ಪಡುವ ಪದಾರ್ಥಸ್ಥಿತಿಗಳನ್ನೇ ‘ಟೊಪಾಲಜಿಯ ಸ್ಥಿತಿಗಳು’ ಎನ್ನುವುದು. ಗಣಿತಜ್ಞರು ಇದೇ ಜಾತಿಯ ಪೂರ್ಣಾಂಕವನ್ನು ಶೀಂಗ್-ಶೆನ್ ಚರ್ನ್ ಅವರ ಹೆಸರಿನಿಂದ ಮೊದಲೇ ಬಲ್ಲವರಾಗಿದ್ದರು.

ಇದೇ ಕಾಲದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮೈಕೇಲ್ ಬೆರಿಯವರು, ಯಾವುದೇ ಕ್ವಾಂಟಮ್ ವ್ಯವಸ್ಥೆಯನ್ನು ನಿಧಾನವಾಗಿ ಸುತ್ತಿಸಿ ಹೊರಟಲ್ಲಿಗೆ ತಂದರೆ ಅದರ ಅಲೆಯಲ್ಲಿ ಒಂದು ಜ್ಯಾಮಿತೀಯ ಪ್ರಾವಸ್ಥೆ ಉಳಿಯುತ್ತದೆಂದು ಸಾಮಾನ್ಯವಾಗಿ ಸಾಧಿಸಿದರು. ಅವರ ಲೇಖನವು ೧೯೮೪ರಲ್ಲಿ ಅಚ್ಚಾಯಿತು. ಅದನ್ನು ಮೊದಲೇ ತಿಳಿದಿದ್ದ ಬ್ಯಾರಿ ಸೈಮನ್ ಅವರು ೧೯೮೩ರಲ್ಲಿಯೇ ಬೆರಿಯ ಪ್ರಾವಸ್ಥೆಗೂ ಥೌಲೆಸರ ಪೂರ್ಣಾಂಕಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಸಂಬಂಧ ಹೀಗಿದೆ: ಮೈಯ ಒಂದು ತುಂಡನ್ನು ಸುತ್ತಿದರೆ ದೊರೆಯುವ ಪ್ರಾವಸ್ಥೆಯ ಬೆಲೆ ಯಾವುದಾದರೂ ಆಗಬಹುದು, ಮುಚ್ಚಿದ ಮೈಯೆಲ್ಲವನ್ನೂ ಕೂಡಿಸಿದರೆ ಮೊತ್ತವು ಪೂರ್ಣಸುತ್ತುಗಳೇ ಆಗಬೇಕು.

ಪಂಚರತ್ನಂ ಅವರ ಗೋಳಕ್ಕೆ ಈ ಮಾತನ್ನು ಅನ್ವಯಿಸಿ ನೋಡಬಹುದು. ಇಡಿಯ ಗೋಳದ ಘನಕೋನವು ನಾಲ್ಕು ‘ಪೈ’. ಅದರ ಅರ್ಧ ಎರಡು ‘ಪೈ’. ಅದು ಸರಿಯಾಗಿ ಒಂದು ಪೂರ್ಣಸುತ್ತು. ಎಂದರೆ ೧೯೫೬ರ ಸೂತ್ರದಲ್ಲಿಯೇ ‘ಒಂದು’ ಎಂಬ ಪೂರ್ಣಾಂಕವು ಅಡಗಿಕೊಂಡಿತ್ತು. ಆದರೆ ಅದನ್ನು ಹೊರತೆಗೆಯುವುದು ಆ ಲೇಖನದ ಗುರಿಯಾಗಿರಲಿಲ್ಲ. ಹರಳಿನಿಂದ ಹೊರಬಂದ ಕಿರಣಗಳು ಪರದೆಯ ಮೇಲೆ ಮೂಡಿಸುವ ಚಿತ್ರಗಳನ್ನು ವಿವರಿಸುವುದಷ್ಟೇ ಅದರ ಕೆಲಸ.

೧೯೮೬ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಬೆರಿಯವರ ಪ್ರಾವಸ್ಥೆಗೆ ಪಂಚರತ್ನಂ ಅವರ ಫಲವು ಪೂರ್ವೋದಾಹರಣೆಯೆಂದು ಎತ್ತಿ ತೋರಿಸಿದರು. ಬೆರಿಯವರು ಅದನ್ನು ಒಪ್ಪಿದ್ದು ಮಾತ್ರವಲ್ಲ, ೧೯೮೭ರಲ್ಲಿ ಪಂಚರತ್ನಂ ಅವರ ಪ್ರಾವಸ್ಥೆಯನ್ನೇ ವಿಷಯವಾಗಿಟ್ಟುಕೊಂಡು ಬರೆದರು. ಹಿಂದಿನವರಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸುವುದರಲ್ಲಿ ಅವರ ಔದಾರ್ಯವು ಗಮನಾರ್ಹವಾದುದು. ಈ ಮೂವತ್ತು ವರ್ಷ ಆ ಲೇಖನವು ಕಳೆದುಹೋಗಿರಲಿಲ್ಲ, ಗ್ರಂಥಾಲಯಗಳಲ್ಲಿತ್ತು, ೧೯೭೫ರ ಸಂಪುಟದಲ್ಲಿ ಮರುಮುದ್ರಣವೂ ಆಗಿತ್ತು. ಕ್ವಾಂಟಮ್ ವಿಚಾರದವರು ಅದನ್ನು ಹರಳಿನ ವಿಷಯವೆಂದು ಬಿಟ್ಟರು. ಹರಳಿನ ವಿಚಾರದವರು ಅದನ್ನು ಕ್ವಾಂಟಮ್ ದೃಷ್ಟಿಯಿಂದ ನೋಡಲಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಾತು. ಸುತ್ತಿ ಬಂದ ಪ್ರಾವಸ್ಥೆಯ ಪೂರ್ವಸೂಚನೆಗಳು ಬೇರೆ ಕಡೆಗಳಲ್ಲಿಯೂ ಇವೆ: ಬೆಳಕಿನ ವಿಷಯವಾಗಿ ರಷ್ಯಾದ ರೀಟೊವ್ ೧೯೩೮ರಲ್ಲಿಯೂ ವ್ಲಾದಿಮಿರ್‌ಸ್ಕಿ ೧೯೪೧ರಲ್ಲಿಯೂ, ಅಣುಗಳ ವಿಷಯವಾಗಿ ಲಾಂಗ್ವೆಟ್-ಹಿಗಿನ್ಸ್ ಮತ್ತು ಸಂಗಡಿಗರು ೧೯೫೮ರಲ್ಲಿಯೂ, ಎಲೆಕ್ಟ್ರಾನುಗಳ ವಿಷಯವಾಗಿ ಅಹರೊನೊವ್ ಮತ್ತು ಬೋಮ್ ೧೯೫೯ರಲ್ಲಿಯೂ ಬರೆದಿದ್ದಾರೆ. ಆದುದರಿಂದ ಪಂಚರತ್ನಂ ಅವರನ್ನು ಏಕಮಾತ್ರ ಮೂಲಪುರುಷರೆಂದು ಹೇಳುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಧ್ರುವೀಕೃತ ಬೆಳಕಿನಲ್ಲಿ ಈ ಪ್ರಾವಸ್ಥೆಯನ್ನು ಸ್ಪಷ್ಟವಾದ ಸೂತ್ರರೂಪದಲ್ಲಿ ಕಂಡವರೆಂದು ಹೇಳುವುದು ಒಪ್ಪುವ ಮಾತು. ಅದೇನೂ ಸಣ್ಣ ಮಾತಲ್ಲ.

೫

ಎಲೆಕ್ಟ್ರಾನುಗಳ ಟೊಪಾಲಜಿಯು ಶೀತಪರಮಾಣುಗಳಿಗೆ ಬಂದುದು ಹೇಗೆಂಬುದನ್ನು ಇನ್ನು ವಿಚಾರಿಸಬೇಕು. ಪರಮಾಣುಗಳಿಗೆ ನಿವ್ವಳ ವಿದ್ಯುದಂಶವಿಲ್ಲ. ಕಾಂತಕ್ಷೇತ್ರವು ಎಲೆಕ್ಟ್ರಾನನ್ನು ಬಾಗಿಸಿದಂತೆ ಅವುಗಳನ್ನು ಬಾಗಿಸಲಾರದು. ಹೀಗಿರಲು ಕ್ಲಿಟ್ಸಿಂಗ್ ಕಂಡ ಮೆಟ್ಟಿಲುಗಳಿಗೆ ಅಲ್ಲಿ ಅವಕಾಶವೆಲ್ಲಿ?

ಉಪಾಯವು ಬೆಳಕಿನಿಂದಲೇ ದೊರೆಯಿತು. ಎದುರಾಗಿ ಬರುವ ಲೇಸರ್ ಕಿರಣಗಳು ಕೂಡಿದಾಗ ಬೆಳಕು ಕತ್ತಲೆಗಳು ಸಾಲಾಗಿ ನಿಲ್ಲುತ್ತವೆ. ಮೇಲೆ ಹೇಳಿದ ಶಕ್ತಿಮಟ್ಟಗಳ ಸರಿತದ ದೆಸೆಯಿಂದ ಪರಮಾಣುಗಳು ಆ ಸಾಲುಗಳಲ್ಲಿ, ಮೊಟ್ಟೆಗಳು ತಟ್ಟೆಯ ಕುಳಿಗಳಲ್ಲಿ ಕೂಡುವಂತೆ, ಒಂದೊಂದು ಸ್ಥಾನದಲ್ಲಿ ಕೂಡುತ್ತವೆ. ಇದನ್ನು ‘ಬೆಳಕಿನ ಜಾಲಕ’ವೆನ್ನಬಹುದು. ಪರಮಾಣುವು ಒಂದು ಕುಳಿಯಿಂದ ಪಕ್ಕದ ಕುಳಿಗೆ ಹಾರುವಾಗ ಲೇಸರಿನ ಸಹಾಯದಿಂದಲೇ ಹಾರುವಂತೆ ಮಾಡಿದರೆ, ಲೇಸರಿನ ಪ್ರಾವಸ್ಥೆಯು ಪರಮಾಣುವಿನ ಅಲೆಗೆ ಅಂಟಿಕೊಳ್ಳುತ್ತದೆ. ನಾಲ್ಕು ಕುಳಿಗಳನ್ನು ಸುತ್ತಿ ಹೊರಟಲ್ಲಿಗೆ ಬಂದ ಪರಮಾಣುವಿನಲ್ಲಿ ಒಂದು ಪ್ರಾವಸ್ಥೆ ಉಳಿಯುವಂತೆ ಏರ್ಪಡಿಸಿದರೆ, ಕಾಂತಕ್ಷೇತ್ರವಿದ್ದಂತೆಯೇ ಆಯಿತು. ಸುತ್ತು ಮತ್ತು ಶೇಷ: ಅದೇ ಜಾತಿಯ ವಿಚಾರ ಇಲ್ಲಿಯೂ ಕಾಣುತ್ತದೆ. ಯಾಕ್ಷ್ ಮತ್ತು ಸೋಲರ್ ಎಂಬವರು ೨೦೦೩ರಲ್ಲಿ ಇದನ್ನು ಲೆಕ್ಕದಿಂದ ಸೂಚಿಸಿದರು; ೨೦೧೩ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಇಮಾನ್ಯುಯಲ್ ಬ್ಲಾಖ್ ಅವರ ತಂಡವೂ ಅಮೆರಿಕದಲ್ಲಿ ಕೆಟರ್ಲೆಯವರ ತಂಡವೂ ಪ್ರಯೋಗದಿಂದ ಸಾಧಿಸಿದುವು.

ಮುಂದೆ ಫಲಗಳು ಒಂದರ ಹಿಂದೊಂದು ಬಂದುವು. ಒಟ್ಟು ಕಾಂತಕ್ಷೇತ್ರವು ಶೂನ್ಯವಾಗಿದ್ದರೂ ಥೌಲೆಸರ ಪೂರ್ಣಾಂಕವು ಬರಬಹುದೆಂದು ೧೯೮೮ರಲ್ಲಿ ಡಂಕನ್ ಹಾಲ್ಡೇನ್ ಅವರು ಕಲ್ಪಿಸಿದ್ದ ಮಾದರಿಯನ್ನು ೨೦೧೪ರಲ್ಲಿ ಜ್ಯೂರಿಕ್‌ನ ಟಿಲ್ಮನ್ ಎಸ್ಲಿಂಗರ್ ಅವರ ತಂಡವು ಪೊಟ್ಯಾಸಿಯಂ ಪರಮಾಣುಗಳಿಂದ ಕಟ್ಟಿತು. ೨೦೧೫ರಲ್ಲಿ ಮ್ಯೂನಿಕ್ ತಂಡವು ಪರಮಾಣುಗಳ ಚಲನೆಯಿಂದ ಚರ್ನ್ ಸಂಖ್ಯೆಯನ್ನು ಅಳೆದು, ‘ಒಂದು’ ಬರಬೇಕಾದಲ್ಲಿ ೦.೯೯ ಬಂದುದನ್ನು ವರದಿಮಾಡಿತು. ಅಳತೆಯ ಸಂದೇಹ ೦.೦೫. ೨೦೧೬ರಲ್ಲಿ ಥೌಲೆಸ್, ಹಾಲ್ಡೇನ್ ಮತ್ತು ಕೋಸ್ಟರ್‌ಲಿಟ್ಜ್ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಅದೇ ವರ್ಷ ಮತ್ತೊಂದು ಕನಸು ಕೈಗೂಡಿತು. ೧೯೮೩ರಲ್ಲಿ ಥೌಲೆಸರು ಒಂದು ವಿಲಕ್ಷಣವಾದ ಸಾಗಣೆಯನ್ನು ಊಹಿಸಿದ್ದರು. ನಮ್ಮ ಕಡೆಯ ಏತವು ಒಂದು ಸಲ ಇಳಿದೇರಿದರೆ ಒಂದು ಬಾನಿ ನೀರನ್ನು ಮೇಲಕ್ಕೆ ತರುತ್ತದೆ. ಆದರೆ ಬಾನಿಯು ತುಳುಕಬಹುದು, ಅರೆತುಂಬಿರಬಹುದು. ಥೌಲೆಸರ ಏತವು ತುಳುಕುವುದಿಲ್ಲ: ಜಾಲಕವನ್ನು ನಿಧಾನವಾಗಿ ಒಂದು ಆವರ್ತ ಮಾರ್ಪಡಿಸಿ ಮೊದಲಿನ ಸ್ಥಿತಿಗೆ ತಂದರೆ, ಸಾಗಿದ ಕಣಗಳ ಮೊತ್ತವು ಪೂರ್ಣಾಂಕವೇ ಆಗಿರುತ್ತದೆ, ಸಣ್ಣಪುಟ್ಟ ಅಲುಗಾಟಗಳಿಂದ ಅದು ಕೆಡದು. ೨೦೧೬ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಯಿಟರ್ಬಿಯಂ ಪರಮಾಣುಗಳಿಂದಲೂ ಮ್ಯೂನಿಕ್‌ನಲ್ಲಿ ರುಬಿಡಿಯಂ ಪರಮಾಣುಗಳಿಂದಲೂ ಈ ಏತವನ್ನು ಎತ್ತಿ ತೋರಿಸಿದರು.

ಈ ಪ್ರಯೋಗಗಳೆಲ್ಲದರಲ್ಲಿಯೂ ಬೆಳಕು ಆಜ್ಞಾಪಕ, ಪರಮಾಣು ಆಜ್ಞಾಧಾರಕ. ಪ್ರಯೋಗಕಾರನು ಇಟ್ಟ ಹಾಗೆ ಜಾಲಕವಿರುತ್ತದೆ. ಪರಮಾಣುಗಳು ಏನು ಮಾಡಿದರೂ ಜಾಲಕವು ಅದನ್ನು ಲಕ್ಷಿಸುವುದಿಲ್ಲ. ನಿಜವಾದ ಹರಳಿನಲ್ಲಿ ಹಾಗಿಲ್ಲ. ಅಲ್ಲಿ ಎಲೆಕ್ಟ್ರಾನು ಓಡಿದರೆ ಹರಳೂ ಅಲುಗುತ್ತದೆ. ಈ ಕೊರತೆಯನ್ನು ತುಂಬಿದುದು ಕನ್ನಡಿಗಳು.

೬

ಎರಡು ಉತ್ತಮ ಕನ್ನಡಿಗಳನ್ನು ಎದುರೆದುರಾಗಿ ನಿಲ್ಲಿಸಿದರೆ ನಡುವಣ ಅವಕಾಶಕ್ಕೆ ‘ದರ್ಪಣಕುಹರ’ವೆನ್ನೋಣ. ಅದರೊಳಗೆ ಹೊಕ್ಕ ಬೆಳಕಿನ ಕಣವು ಹೊರಗೆ ಸೋರುವ ಮುನ್ನ ಅನೇಕ ಸಾವಿರ ಸಲ ಅತ್ತಿತ್ತ ಓಡಾಡುತ್ತದೆ. ಪ್ರತಿಸಲವೂ ಅದೇ ಪರಮಾಣುಗಳನ್ನು ಹಾದುಹೋಗುವುದರಿಂದ, ಒಂಟಿಯಾದ ಕಣವೂ ಪರಮಾಣುವಿನ ಮೇಲೆ ಪ್ರಭಾವವನ್ನು ಬೀರಬಲ್ಲದು. ಪರಮಾಣುವೂ ಅದರ ಮೇಲೆ ಬೀರಬಲ್ಲದು. ಪ್ಯಾರಿಸಿನ ಸೆರ್ಜ್ ಹರೋಷ್ ಅವರು ಸೂಕ್ಷ್ಮತರಂಗಗಳ ಕುಹರದಲ್ಲಿ ಒಂದು ಕಣವನ್ನು ಒಂದು ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗದಷ್ಟು ಕಾಲ ಹಿಡಿದಿಟ್ಟರು. ಅವರಿಗೆ ೨೦೧೨ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಬಂದಿತು.

೨೦೦೨ರಲ್ಲಿ ಡೊಮೊಕೋಶ್ ಮತ್ತು ಹೆಲ್ಮುಟ್ ರಿಟ್ಷ್ ಎಂಬವರು ಒಂದು ಲೆಕ್ಕವನ್ನು ಪ್ರಕಟಿಸಿದರು. ಕುಹರದಲ್ಲಿರುವ ಪರಮಾಣುಗಳ ಮೇಲೆ ಪಕ್ಕದಿಂದ ಲೇಸರನ್ನು ಬಿಟ್ಟರೆ, ಪರಮಾಣುಗಳು ಆ ಬೆಳಕನ್ನು ಕನ್ನಡಿಗಳ ಕಡೆಗೆ ಚೆದರಿಸುತ್ತವೆ. ಪರಮಾಣುಗಳು ಅಸ್ತವ್ಯಸ್ತವಾಗಿದ್ದರೆ ಚೆದರಿದ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಕುಹರವು ಕತ್ತಲೆಯಾಗಿಯೇ ಉಳಿಯುತ್ತದೆ. ಲೇಸರಿನ ಬಲವು ಒಂದು ಮೇರೆಯನ್ನು ಮೀರಿದರೆ, ಪರಮಾಣುಗಳು ಚದುರಂಗದ ಹಲಗೆಯ ಕರಿಯ ಮನೆಗಳಲ್ಲಿ ಅಥವಾ ಬಿಳಿಯ ಮನೆಗಳಲ್ಲಿ ಮಾತ್ರ ಕೂಡುವಂತೆ ಸಾಲುಗೊಳ್ಳುತ್ತವೆ. ಆಗ ಅಲೆಗಳು ಒಂದಕ್ಕೊಂದು ಕೂಡಿಕೊಂಡು ಕುಹರವು ಬೆಳಗುತ್ತದೆ. ಆ ಬೆಳಕೇ ಪರಮಾಣುಗಳನ್ನು ಆ ಸಾಲಿನಲ್ಲಿ ನಿಲ್ಲಿಸುತ್ತದೆ. ಪರಮಾಣುಗಳ ಸಾಲಿನಿಂದ ಬೆಳಕು, ಬೆಳಕಿನಿಂದ ಪರಮಾಣುಗಳ ಸಾಲು. ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವು ದೋಷ. ದರ್ಪಣಕುಹರದಲ್ಲಿ ಅದೇ ವಿದ್ಯಮಾನದ ಪ್ರಾಣ.

೨೦೦೩ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ವ್ಲಾದನ್ ವುಲೆಟಿಚ್ ಅವರ ತಂಡವು ಸೀಸಿಯಂ ಪರಮಾಣುಗಳಲ್ಲಿ ಇದರ ಗುರುತುಗಳನ್ನು ಕಂಡಿತು. ೨೦೧೦ರಲ್ಲಿ ಎಸ್ಲಿಂಗರ್ ಅವರ ತಂಡವು ಬೋಸ್-ಐನ್‌ಸ್ಟೈನ್ ಸಾಂದ್ರಣದಲ್ಲಿಯೇ ಇದನ್ನು ಸಾಧಿಸಿ, ೧೯೭೩ರಲ್ಲಿ ಹೆಪ್ ಮತ್ತು ಲೀಬ್ ಅವರು ಗಣಿತದಿಂದ ಹೇಳಿದ್ದ ಸ್ಥಿತ್ಯಂತರವು ಇದೇ ಎಂದು ತೋರಿಸಿತು. ಢಾಕಾದ ಎಣಿಕೆಯೂ ಕನ್ನಡಿಗಳ ಬೆಳಕೂ ಹೀಗೆ ಒಂದೇ ಮನೆಗೆ ಬಂದು ಸೇರಿದುವು.

ಟೊಪಾಲಜಿಯು ಇಲ್ಲಿಗೆ ಬಂದುದು ಮೊದಲು ಕಾಗದದ ಮೇಲೆ. ೨೦೧೭ರಲ್ಲಿ ಮಿವೆಹ್ವಾರ್, ರಿಟ್ಷ್ ಮತ್ತು ಪಿಯಾತ್ಸಾ ಎಂಬವರು, ಕುಹರದ ಬೆಳಕಿನೊಡನೆ ಸೇರಿದ ಫರ್ಮಿಯಾನ್ ಜಾತಿಯ ಪರಮಾಣುಗಳ ಸರಪಳಿಯು ತಾನಾಗಿ ಜೋಡಿಜೋಡಿಯಾಗಬಹುದೆಂದು ತೋರಿಸಿದರು. ಜೋಡಿಗಳು ಕೂಡುವುದಕ್ಕೆ ಎರಡು ಬಗೆಗಳುಂಟು. ಅವುಗಳಲ್ಲಿ ಒಂದರಲ್ಲಿ ಸರಪಳಿಯ ಎರಡು ತುದಿಗಳಲ್ಲಿಯೂ ಒಂದು ವಿಶೇಷಸ್ಥಿತಿ ಉಳಿಯುತ್ತದೆ. ಅದು ಟೊಪಾಲಜಿಯ ಗುರುತು. ಇಲ್ಲಿ ಟೊಪಾಲಜಿಯನ್ನು ಯಾರೂ ಹೊರಗಿನಿಂದ ಹೇರಿಲ್ಲ. ಪರಮಾಣುಗಳೂ ಬೆಳಕೂ ಕೂಡಿ ಅದನ್ನು ಕಟ್ಟಿಕೊಂಡಿವೆ.

೨೦೨೨ರ ಜ್ಯೂರಿಕ್ ಪ್ರಯೋಗದ ಅರ್ಥವು ಈಗ ಸ್ಪಷ್ಟವಾಗುತ್ತದೆ. ಪರಮಾಣುಗಳಿಗೆ ಅಲ್ಲಿ ಎರಡು ಬಗೆಯ ಸಾಲುಗಳು ಸಾಧ್ಯವಾಗಿದ್ದುವು. ಒಂದೊಂದು ಸಾಲಿಗೂ ಕುಹರದ ಬೆಳಕಿನ ಒಂದೊಂದು ಪ್ರಾವಸ್ಥೆ. ಕನ್ನಡಿಗಳಿಂದ ಬೆಳಕು ಸದಾ ಸೋರುತ್ತಿರುವುದರ ದೆಸೆಯಿಂದ ವ್ಯವಸ್ಥೆಯು ಒಂದು ಸಾಲಿನಲ್ಲಿ ನೆಲೆಗೊಳ್ಳದೆ, ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸರಿಯುತ್ತ ಹೋಯಿತು. ಕುಹರದ ಬೆಳಕಿನ ಪ್ರಾವಸ್ಥೆಯು, ಹೊರಗಿನ ಲೇಸರಿಗೆ ಹೋಲಿಸಿದಂತೆ, ಮತ್ತೆ ಮತ್ತೆ ಪೂರ್ಣಸುತ್ತನ್ನು ಸುತ್ತಿತು. ಪ್ರಯೋಗಕಾರರು ಆ ಸುತ್ತನ್ನು ನೇರವಾಗಿ ಅಳೆದರು. ಜೊತೆಗೆ ಪರಮಾಣುಗಳು ಒಂದು ಕಡೆಗೆ ಸರಿಯುವುದನ್ನೂ ಕಂಡರು. ಏತವನ್ನು ತುಳಿಯುವವನಿಲ್ಲದೆ ಏತವು ತಾನೇ ಏರಿಳಿಯಿತು. ಇದು ನಿರಂತರಚಲನಯಂತ್ರವೆಂದು ಯಾರೂ ಭ್ರಮಿಸಬೇಕಾಗಿಲ್ಲ: ಲೇಸರು ಶಕ್ತಿಯನ್ನು ಕೊಡುತ್ತಲೇ ಇದೆ, ಕನ್ನಡಿಗಳು ಸೋರಿಸುತ್ತಲೇ ಇವೆ. ಸಾಮಾನ್ಯವಾಗಿ ಪ್ರಯೋಗಕಾರನು ಶತ್ರುವೆಂದು ಎಣಿಸುವ ಸೋರಿಕೆಯೇ ಇಲ್ಲಿ ಚಾಲಕವಾದುದು ಈ ಪ್ರಯೋಗದ ಹೊಸತನ.

೭

ಇನ್ನು ಸಿದ್ಧಾಂತ. ಜ್ಯೂರಿಕ್‌ನಲ್ಲಿ ಸುತ್ತಿದ ಪ್ರಾವಸ್ಥೆಯು ಪಂಚರತ್ನಂ ಅವರ ಪ್ರಾವಸ್ಥೆಯೇ ಎಂದರೆ ತಪ್ಪಾಗುತ್ತದೆ. ಅಲ್ಲಿ ಸುತ್ತಿದುದು ಪ್ವಾಂಕಾರೆಯ ಗೋಳದ ಮೇಲಿನ ಬಿಂದುವಲ್ಲ. ೧೯೮೨ರ ನಾಲ್ವರು ೧೯೫೬ರ ಲೇಖನದಿಂದ ತಮ್ಮ ಪೂರ್ಣಾಂಕವನ್ನು ಪಡೆದರೆನ್ನುವುದಕ್ಕೂ ಆಧಾರವಿಲ್ಲ. ಆದುದರಿಂದ ಬೋಸರಿಗೆ ಸಲ್ಲುವುದು ಪೂರ್ವಜನ ಸ್ಥಾನ. ಪಂಚರತ್ನಂ ಅವರಿಗೆ ಸಲ್ಲುವುದು ಪೂರ್ವದರ್ಶಿಯ ಸ್ಥಾನ. ಪೂರ್ವಜನ ರಕ್ತವು ಸಂತತಿಯಲ್ಲಿ ಹರಿಯುತ್ತದೆ. ಪೂರ್ವದರ್ಶಿಯು ಕಂಡುದನ್ನು ಮುಂದಿನವರು ತಾವೇ ಮತ್ತೆ ಕಾಣಬೇಕಾಗುತ್ತದೆ. ಕಂಡ ಮೇಲೆ ಹಿಂತಿರುಗಿ ನೋಡಿದರೆ ಅವನು ದಾರಿಯ ಬದಿಯಲ್ಲಿ ನಿಂತಿರುವುದು ತಿಳಿಯುತ್ತದೆ.

ಈ ಎರಡನ್ನು ಬೆರಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಪಂಚರತ್ನಂ ಅವರಿಗೆ ಇಲ್ಲದ ಪಿತೃತ್ವವನ್ನು ಹೊರಿಸಿದರೆ, ಅದು ಬಿದ್ದ ದಿನ ಅವರ ನಿಜವಾದ ಕೀರ್ತಿಯೂ ಸಂದೇಹಕ್ಕೆ ಗುರಿಯಾದೀತು. ಅವರನ್ನು ಬಿಟ್ಟುಬಿಟ್ಟರೆ, ಸುತ್ತಿ ಬಂದ ಪ್ರಾವಸ್ಥೆಯ ವಿಚಾರವು ಬೆಳಕಿನ ಶಾಸ್ತ್ರದಲ್ಲಿ ಮೊದಲೇ ಬೇರುಬಿಟ್ಟಿತ್ತೆಂಬುದು ಮರೆತುಹೋದೀತು. ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡ ಒಂದು ಗುಣವು ಎಲೆಕ್ಟ್ರಾನುಗಳಲ್ಲಿ ಬೇರೆಯಾಗಿ ಬೆಳೆದು, ಪರಮಾಣುಗಳ ಮೂಲಕ ಮತ್ತೆ ಬೆಳಕಿನ ಸಂಗಡ ಬಂದು ಸೇರಿತೆಂಬುದು ಈ ಚರಿತ್ರೆಯ ಸಾರ.

ಕೊನೆಯದಾಗಿ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ೧೯೫೬ರ ಆ ಲೇಖನವು ಸ್ವದೇಶದ ಪತ್ರಿಕೆಯಲ್ಲಿ ಅಚ್ಚಾದುದರಿಂದಲೇ ಮರೆಗೆ ಬಿದ್ದಿತೆಂದು ಕೊರಗುವವರಿದ್ದಾರೆ. ಅದು ಅರ್ಧಸತ್ಯ. ಹೊರದೇಶದಲ್ಲಿ ಮರುಮುದ್ರಣವಾದ ಮೇಲೆಯೂ ಅದು ಹನ್ನೊಂದು ವರ್ಷ ಮರೆಯಲ್ಲಿಯೇ ಇತ್ತು. ಅದನ್ನು ಬೆಳಕಿಗೆ ತಂದುದು ಬೆಂಗಳೂರಿನದೇ ಆದ ಇನ್ನೊಂದು ಪತ್ರಿಕೆ. ಪತ್ರಿಕೆಯು ಲೇಖನವನ್ನು ಕಾಪಾಡಬಲ್ಲದು. ಅದಕ್ಕೆ ಜೀವಕೊಡುವುದು ಹಳೆಯ ಸಂಪುಟವನ್ನು ಹೊಸ ಪ್ರಶ್ನೆಯೊಡನೆ ತೆರೆಯುವ ಓದುಗ. ರಾಮಶೇಷನ್ ಮತ್ತು ನಿತ್ಯಾನಂದ ಅವರು ೧೯೮೬ರಲ್ಲಿ ಮಾಡಿದುದು ಆ ಕೆಲಸ. ಹಳೆಯ ಓಲೆಗರಿಗಳ ನಡುವೆ ಬಾಳುವ ನಮ್ಮ ವಿದ್ವಾಂಸರಿಗೆ ಆ ಕೆಲಸದ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.